ಒಂದು ಹನಿಗೆ ಬಿದ್ದ ನಂಬರು

ದಂತಕ್ಷಯ ಸಂಶೋಧನಾ ಸಂಸ್ಥೆಯಲ್ಲಿ ನಂಬರಿಲ್ಲದ ವಸ್ತು ಒಂದೂ ಇಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ದೃಢೀಕರಿಸಿದವನು ನಾನೇ, ಕಚೇರಿ ಅಧೀಕ್ಷಕ. ಕುರ್ಚಿ, ಬಕೆಟ್ಟು, ಗೋಡೆ ಗಡಿಯಾರದ ದೊಡ್ಡ ಮುಳ್ಳು, ಎಲ್ಲದರ ಮೈಮೇಲೂ ಬಿಳಿ ಪೇಂಟಿನಲ್ಲಿ ದಾಸ್ತಾನು ಸಂಖ್ಯೆ ಇದೆ. ಹಿಂದೊಮ್ಮೆ ಒಂದು ಫ್ಯಾನಿನ ನಂಬರನ್ನು ಅದರ ಪೆಟ್ಟಿಗೆ ಮೇಲೆ ಬರೆದಿದ್ದರು. ತಪಾಸಣೆಯ ದಿನ ಪೆಟ್ಟಿಗೆ ಸಿಕ್ಕಿತು, ಫ್ಯಾನು ಸಿಗಲಿಲ್ಲ. ಅಂದಿನಿಂದ ನಿಯಮ ಒಂಬತ್ತು ಜಾರಿಯಲ್ಲಿದೆ: "ಸಂಖ್ಯೆಯನ್ನು ವಸ್ತುವಿನ ಮೇಲೆಯೇ ಬರೆಯತಕ್ಕದ್ದು, ವಸ್ತುವಿರುವ ಡಬ್ಬ, ಪೆಟ್ಟಿಗೆ, ಸೀಸೆ, ಇತ್ಯಾದಿಗಳ ಮೇಲೆ ಬರೆದದ್ದು ಬರೆದಂತಲ್ಲ." ನಿಯಮ ಬರೆದವನೂ ನಾನೇ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಲ್ಪವಿರಾಮಗಳು ಚೆನ್ನಾಗಿ ಬಿದ್ದಿವೆ.

ನಮ್ಮಲ್ಲೊಬ್ಬರು ಸಂಶೋಧಕಿ ಇದ್ದರು. ತಾತ್ಕಾಲಿಕ ನೇಮಕ. ಇನ್ನೂರು ಶಾಲಾ ಮಕ್ಕಳ ಜೊಲ್ಲನ್ನು ಪುಟ್ಟ ನಳಿಕೆಗಳಲ್ಲಿ ಹಿಡಿದು, ಫ್ರೀಜರಿನಲ್ಲಿಟ್ಟು, ಮೂರು ವರ್ಷದಿಂದ ಕಾಯುತ್ತಿದ್ದರು. ಹಲ್ಲು ಕೊರೆಯುವ ಬ್ಯಾಕ್ಟೀರಿಯಾ ಯಾವ ಮಗುವಿನ ಬಾಯಲ್ಲಿ ಮನೆ ಮಾಡಿದೆ ಎಂದು ಮೊದಲೇ ಗೊತ್ತಾದರೆ, ಹುಳುಕು ಹಿಡಿಯುವ ಮುಂಚೆ ಹಲ್ಲು ಉಳಿಸಬಹುದಂತೆ. ಗೊತ್ತಾಗಲು ಪ್ರತಿಕಾಯ ಬೇಕು. ಬಾಯಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾ ಇದ್ದರೂ ಈ ಪ್ರತಿಕಾಯ ಆ ಒಂದನ್ನೇ ಹುಡುಕಿ ಹೋಗಿ ಅಂಟಿಕೊಳ್ಳುತ್ತದೆ, ಮನೆ ತುಂಬ ನೆಂಟರಿದ್ದರೂ ಅತ್ತೆಯ ಕಣ್ಣು ಸೊಸೆಯ ಮೇಲೇ ನೆಡುವ ಹಾಗೆ.

ಹನ್ನೊಂದು ತಿಂಗಳ ಪತ್ರವ್ಯವಹಾರದ ನಂತರ ಪ್ರತಿಕಾಯ ಬಂತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೆರಳ ತುದಿಯಷ್ಟು ಸೀಸೆ, ಸೀಸೆಯಲ್ಲಿ ಒಂದೇ ಒಂದು ಹನಿ. ಸಂಶೋಧಕಿಯ ಅವಧಿ ಮುಗಿಯಲು ಒಂಬತ್ತು ದಿನ ಬಾಕಿ. ಅಷ್ಟರೊಳಗೆ ಫಲಿತಾಂಶ ಕೊಡದಿದ್ದರೆ ಅವರು ಮನೆಗೆ, ಜೊಲ್ಲು ಮೋರಿಗೆ.

ಉಗ್ರಾಣಾಧಿಕಾರಿ ಸೀಸೆಯನ್ನು ಬೆಳಕಿಗೆ ಹಿಡಿದರು. "ಇದರಲ್ಲಿ ವಸ್ತು ಯಾವುದಮ್ಮ?"

"ಆ ಹನಿ ಸರ್. ಬೇಗ ಕೊಡಿ, ಬಿಸಿ ತಗುಲಿದ್ರೆ ಕೆಟ್ಟುಹೋಗತ್ತೆ."

"ಕೊಡೋಣ, ಯಾರು ಬೇಡ ಅಂದ್ರು? ನಂಬರ್ ಹಾಕ್ಸಿ ಕೊಡೋಣ."

"ಸೀಸೆ ಮೇಲೆ ಹಾಕ್ಸಿ ಸರ್, ನಿಮ್ಮ ದಮ್ಮಯ್ಯ."

ಉಗ್ರಾಣಾಧಿಕಾರಿ ನನ್ನ ಮುಖ ನೋಡಿದರು. ನಾನು ನಿಯಮ ಒಂಬತ್ತನ್ನು ಗಟ್ಟಿಯಾಗಿ ಓದಿದೆ, ಅಲ್ಪವಿರಾಮಗಳ ಸಮೇತ.

ಪೇಂಟರ್ ಬಂದ. ಗುಂಡುಸೂಜಿಗೂ ನಂಬರು ಬರೆದ ಕೈ ಅದು. ಇದ್ದದ್ದರಲ್ಲೇ ಸಣ್ಣ ಕುಂಚ ಆರಿಸಿ, ಉಸಿರು ಬಿಗಿಹಿಡಿದು, ಹನಿಯ ಮೇಲೆ ೪೪೧೭ ಎಂದು ಬರೆದ. ನಂಬರು ನಿಲ್ಲಲಿಲ್ಲ. ಇನ್ನೊಮ್ಮೆ ಬರೆದ. ಅದೂ ಕದಡಿಹೋಯಿತು. "ಮೂರನೇ ಸಲಕ್ಕೆ ಕೂರತ್ತೆ ಬಿಡಿ ಸರ್," ಎಂದ. ಕೂತಿತು. ಸಂಶೋಧಕಿ ತಲೆ ಮೇಲೆ ಕೈಹೊತ್ತು ಕೂತರು. ಸುಳ್ಳೇಕೆ ಹೇಳಲಿ, ನನಗೂ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನುವುದಕ್ಕೆ ನಮ್ಮಲ್ಲಿ ನಮೂನೆ ಇಲ್ಲ.

ಬೇರೆ ದಾರಿಯಿಲ್ಲದೆ ಅವರು ಆ ಬಿಳಿ ಹನಿಯಿಂದಲೇ ಇನ್ನೂರು ನಳಿಕೆಗಳನ್ನೂ ಪರೀಕ್ಷಿಸಿದರು. ಎಲ್ಲೂ ಏನೂ ಅಂಟಲಿಲ್ಲ. ಅವರ ವರದಿ ಎರಡೇ ಸಾಲು: "ಯಾವ ಮಗುವಿನ ಜೊಲ್ಲಿನಲ್ಲೂ ಬ್ಯಾಕ್ಟೀರಿಯಾ ಪತ್ತೆಯಾಗಿಲ್ಲ. ಪ್ರತಿಕಾಯಕ್ಕೆ ಪೇಂಟು ಬೆರೆತಿರುವುದರಿಂದ ಈ ಫಲಿತಾಂಶವನ್ನು ನಂಬಬಾರದು."

ನಿರ್ದೇಶಕರು ಮೊದಲ ಸಾಲು ಓದಿ ಎದ್ದು ನಿಂತು ಕೈ ಕುಲುಕಿದರು. ಎರಡನೇ ಸಾಲು ಓದಿ ಕೂತರು.

"ಮೊದಲನೇ ಸಾಲು ಬಂಗಾರದಂಥದ್ದಮ್ಮ. ಎರಡನೇದು ತೆಗೆದ್ರೆ ಇವತ್ತೇ ನಿಮ್ಮನ್ನ ಖಾಯಂ ಮಾಡ್ತೀನಿ. ಇಟ್ರೆ, ನಿಮ್ಮ ಅವಧಿ ಮುಗಿಯೋ ಮೂವತ್ತನೇ ತಾರೀಖು ಏನಾಗತ್ತೆ ಅಂತ ಗೊತ್ತೇ ಇದೆಯಲ್ಲ."

"ಆ ಮಕ್ಕಳ ಗತಿ ಸರ್?"

"ಅವರಿಗೇನಾಗಿದೆ? ಬ್ಯಾಕ್ಟೀರಿಯಾನೇ ಇಲ್ವಲ್ಲ!"

ಸಂಶೋಧಕಿ ಎರಡೂ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಪೆನ್ನು ಕೇಳಿದರು. ನಾನೇ ಕೊಟ್ಟೆ, ದಾಸ್ತಾನು ಸಂಖ್ಯೆ ೧೨೦೩.

ಮರುದಿನ ಪ್ರಕಟಣೆ ಹೊರಬಿತ್ತು: "ಈ ಊರಿನಲ್ಲಿ ದಂತಕ್ಷಯ ಇರುವುದಿಲ್ಲ. ಆದಾಗ್ಯೂ ಹಲ್ಲುನೋವು ಅನುಭವಿಸುತ್ತಿರುವವರು ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಯಾರೂ ತಕರಾರು ಮಾಡಲಿಲ್ಲ. ಹಲ್ಲಿನ ಡಾಕ್ಟರು ಬೋರ್ಡು ಬದಲಿಸಿ ಕಿವಿ ಡಾಕ್ಟರಾದರು. ರೋಗಿಗಳು ಅವರೇ, ಊದಿದ ಕೆನ್ನೆ ಹಿಡಿದುಕೊಂಡು ಬಂದು ಕಿವಿನೋವು ಎಂದು ಬರೆಸುತ್ತಾರೆ. ಆ ಇನ್ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳಿಗೆ ಈಗಾಗಲೇ ಕಿವಿನೋವು ಶುರುವಾಗಿದೆ. ನನಗೂ ಒಂದು ವಾರದಿಂದ ಎಡದವಡೆಯಲ್ಲಿ ಕಿವಿನೋವು, ಪ್ರಾಣ ಹೋಗುತ್ತಿದೆ.

ಖಾಯಂ ಆದೇಶಕ್ಕೆ ಸಹಿ ಬಿದ್ದ ದಿನ ಸಂಶೋಧಕಿಯನ್ನು ಸಂಸ್ಥೆಯ ದಾಸ್ತಾನು ಪುಸ್ತಕಕ್ಕೆ ಏರಿಸಿದೆವು. ಆ ಪುಸ್ತಕಕ್ಕೆ ಏರಿದ ಮೇಲೆ ನಿಯಮ ಒಂಬತ್ತು ಎಲ್ಲರಿಗೂ ಅನ್ವಯ. ನನ್ನದು ೧೭, ಮೊಣಕೈ ಹತ್ತಿರ ಇದೆ. ಪೇಂಟರ್ ಡಬ್ಬ ಹಿಡಿದು ಬಂದ. ಹೆಣ್ಣುಮಗಳು ಅಂತ ಸಂಕೋಚಪಟ್ಟು, "ಬಟ್ಟೆ ಮೇಲೆ ಬರೀಲಾ ಮೇಡಂ?" ಎಂದು ಕೇಳಿದ.

"ಬೇಡ," ಎಂದರು ಅವರು. "ಬಟ್ಟೆ ಮೇಲೆ ಬರೆದದ್ದು ಬರೆದಂತಲ್ಲ." ತಾವಾಗಿಯೇ ತೋಳಿನ ಬಟ್ಟೆ ಮೇಲಕ್ಕೆ ಮಡಚಿ ಮುಂಗೈ ಚಾಚಿದರು.

ಪೇಂಟರ್ ೪೪೧೮ ಎಂದು ಬರೆದ. ಮೂರು ಸಲ ಬೇಕಾಗಲಿಲ್ಲ, ಮೊದಲನೇ ಸಲಕ್ಕೇ ಕೂತಿತು.