ಟೆರೇಸಿನ ಬೀಗ ಮತ್ತು ಬಾಯ್ಕಾಟ್

ಅಪಾರ್ಟ್‌ಮೆಂಟಿಗೆ ಸೆಕ್ರೆಟರಿ ಆದವನಿಗೆ ಒಂದಲ್ಲ ಒಂದು ಪಜೀತಿ ತಪ್ಪಿದ್ದಲ್ಲ. ಬೇಗಂಪೇಟೆಯ ನಮ್ಮ ಕಟ್ಟಡಕ್ಕೆ ಈ ಬೇಸಿಗೆಯಲ್ಲಿ ನಾನೇ ಸೆಕ್ರೆಟರಿ.

ಲಿಫ್ಟು

ಟೆರೇಸಿನ ತುಂಬ ಹೆಂಗಸರ ಸಂಡಿಗೆ. ನೀರಿನ ಟ್ಯಾಂಕಿನ ಹತ್ತಿರ ಹೋಗಲು ಪ್ಲಂಬರನಿಗೆ ಕಾಲಿಡಲೂ ಜಾಗವಿರಲಿಲ್ಲ. ಸಿಟ್ಟು ಬಂತು, ಬೀಗ ಜಡಿದೆ.

ಮರುದಿನ ಲಿಫ್ಟಿನಲ್ಲಿ ಹೆಂಗಸರು ನಗುತ್ತಿದ್ದರು. ನಾನು ಒಳಗೆ ಹೋದೆ, ನಗು ನಿಂತಿತು. ನಮಸ್ಕಾರ ಎಂದೆ. ಎಲ್ಲರೂ ಮೊದಲ ಮಹಡಿಯಲ್ಲೇ ಇಳಿದು ಮೆಟ್ಟಿಲು ಹತ್ತತೊಡಗಿದರು. ಅವರ ಮನೆಗಳಿರುವುದು ಐದನೆಯದರಲ್ಲಿ.

"ಏನಾಗೇತಿ ಇವರಿಗೆ?" ಎಂದು ಹೆಂಡತಿಯನ್ನು ಕೇಳಿದೆ.

"ನಿಮ್ಮನ್ನ ಬಾಯ್ಕಾಟ್ ಮಾಡ್ಯಾರ್ರಿ."

ಕ್ಯಾಲೆಂಡರ್ ನೋಡಿದೆ. ಭಾನುವಾರ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಅದೇ ದಿನ ಬಳಗದವರೆಲ್ಲ ಬೀದರಿನ ಮದುವೆಗೆ ಹೋಗುವವರು. ತೊಟ್ಟಿಲು ತೂಗಿ ಜೋಗುಳ ಹಾಡಲು ಈ ಹೆಂಗಸರೇ ಗತಿ.

ಆ ಪದ ಹುಟ್ಟಿದ್ದು

ಮಾದಾಪುರದಲ್ಲಿ ಕೆಲಸ ಮಾಡುವ ಅಳಿಯನಿಗೆ ಫೋನ್ ಮಾಡಿದೆ. "ಈ ಬಾಯ್ಕಾಟ್ ಭಾಳ ದಿನ ಇರ್ತದೇನಪಾ?"

ಅವನು ಹುಡುಕಿ ಹೇಳಿದ: "ಮಾವಾರ, ಅದು ಒಬ್ಬ ಮನುಷ್ಯಾನ ಅಡ್ಡಹೆಸರು. ಐರ್ಲೆಂಡಿನಾಗ ಜಮೀನ್ದಾರನ ಏಜೆಂಟ್ ಇದ್ದ. ಗೇಣಿ ಕೊಡದವರನ್ನ ಹೊಲ ಬಿಡಿಸಾಕ ಹೊಂಟ. ಊರವರು ಅವನ್ನ ಹೊಡೀಲಿಲ್ಲ, ಮಾತು ಬಿಟ್ಟರು. ಆಳುಗಳು ಹೋದರು, ಅಂಗಡಿಯವ ಸಾಮಾನು ಕೊಡಲಿಲ್ಲ. ಬೆಳಿ ಕೊಯ್ಯಾಕ ಸೈನ್ಯದ ಕಾವಲು ಬೇಕಾತು. ಈಗ ಸಾಮಾನು ಕೊಳ್ಳೂದು ಬಿಟ್ಟರೂ, ಸಭೆಗೆ ಹೋಗದಿದ್ದರೂ ಅದೇ ಪದ."

"ಕಡೀಗೆ ಏನಾತು?"

"ಊರು ಬಿಟ್ಟನ್ರಿ."

ಅವನಿಗೆ ಆ ಅನುಕೂಲವಾದರೂ ಇತ್ತು. ನನ್ನದು ಸ್ವಂತ ಫ್ಲಾಟು.

ತೊಟ್ಟಿಲು

ಬೀಗ ತೆಗೆದರೆ ನನ್ನ ಮರ್ಯಾದೆ ಹೋಗುತ್ತಿತ್ತು, ತೆಗೆಯದಿದ್ದರೆ ಮೊಮ್ಮಗಳ ತೊಟ್ಟಿಲು. ಭಾನುವಾರ ಹೊತ್ತೇರಿದರೂ ಒಬ್ಬರೂ ಬರಲಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಅದನ್ನು ನೋಡಲಾಗದೆ ಕೀಲಿ ಹಿಡಿದು ಮೇಲಕ್ಕೆ ಓಡಿದೆ.

ಟೆರೇಸಿನ ಬಾಗಿಲ ಮುಂದೆ, ಮೆಟ್ಟಿಲ ತುಂಬ ರೇಷ್ಮೆ ಸೀರೆಯ ಹೆಂಗಸರು ಕೂತಿದ್ದರು. ಪ್ರತಿಯೊಬ್ಬರ ಮುಂದೆಯೂ ಸಂಡಿಗೆ ಹಿಟ್ಟಿನ ಪಾತ್ರೆ. ಒಂದು ಪಾತ್ರೆ ನಮ್ಮ ಮನೆಯದೇ. ಯಾರೂ ಮಾತಾಡಲಿಲ್ಲ. ಒಬ್ಬಾಕೆ ಬೀಗದ ಕಡೆ ಬೆರಳು ತೋರಿಸಿದಳು. ತೆಗೆದೆ.

ಸಂಡಿಗೆ ಇಟ್ಟು ಕೆಳಗಿಳಿದವರು ಮನಸಾರೆ ಜೋಗುಳ ಹಾಡಿದರು, ಹೋಳಿಗೆ ಉಂಡರು. ಮಗಳ ಮುಖ ಅರಳಿದ್ದು ಕಂಡು ನನಗೆ ಜೀವ ಬಂತು. ಆದರೂ ನನ್ನೊಂದಿಗೆ ಒಬ್ಬರದೂ ಮಾತಿಲ್ಲ.

ಊಟವಾದ ಮೇಲೆ ಮೂರನೇ ಮಹಡಿಯ ತೆಲುಗು ಅಜ್ಜಿ ನನ್ನ ಮುಂದೆ ಬಂದು ನಿಂತರು. ಕೈಗೆ ಒಂದು ಕೋಲು ಕೊಟ್ಟರು, ಟೆರೇಸಿನ ಕಡೆ ತೋರಿಸಿದರು. ಕೊನೆಗೂ ಮಾತಾಡಿದರು: "ಸೆಕ್ರೆಟರಿ ಗಾರು, ಕಾಕುಲು ವಸ್ತಾಯಿ." ಕಾಗೆಗಳು ಬರುತ್ತವೆ ಎಂದು.

ಐರ್ಲೆಂಡಿನ ಆ ಏಜೆಂಟನ ಬೆಳೆ ಕಾಯಲು ಸೈನ್ಯವೇ ಬಂದಿತ್ತಂತೆ. ಇಲ್ಲಿ ಸೈನ್ಯ ನಾನೊಬ್ಬನೇ.