ನಾಳೆರಾಯನ ಕಾರೂ ಮೇಣದ ಮೂಗೂ

ಒಂದಾನೊಂದು ಊರಿನಲ್ಲಿ, ರಾಜನೂ ಇಲ್ಲ ಕುದುರೆಯೂ ಇಲ್ಲ ಎನ್ನುವಷ್ಟು ಈಚಿನ ಕಾಲದಲ್ಲಿ, ಒಬ್ಬನಿಗೆ ಒಂದು ಬಿಳಿ ಕಾರಿತ್ತು. ಆ ಕಾರಿನ ಕೊಳವೆಗಳೊಳಗೆ ಒಬ್ಬ ಚಳಿರಾಯನನ್ನು ಕೂಡಿಹಾಕಿದ್ದರು. ಗ್ಯಾರೇಜಿನವರು ಅವನನ್ನು ಎ.ಸಿ. ಗ್ಯಾಸು ಎನ್ನುತ್ತಾರೆ. ಸಾಸಿವೆಯೂ ನುಸುಳದಂಥ ಒಂದು ಸಂದು ಅವನ ಕಣ್ಣಿಗೆ ಬಿತ್ತು. ಚಳಿರಾಯ ಜಾಣ. ಒಮ್ಮೆಲೇ ಓಡಿದರೆ ಸಿಕ್ಕಿಬೀಳುತ್ತೇನೆಂದು ದಿನಕ್ಕೊಂದು ಕೂದಲೆಳೆಯಷ್ಟೇ ಹೊರಗೆ ಜಾರತೊಡಗಿದ.

ಒಡೆಯನಿಗೆ ಅದು ತಿಳಿಯಲೇ ಇಲ್ಲ. ಎ.ಸಿ. ಗುಂಡಿಯನ್ನು ಒಂದರಿಂದ ಎರಡಕ್ಕೆ ತಿರುಗಿಸಿದ, ಎರಡರಿಂದ ಮೂರಕ್ಕೆ. ಕೊನೆಗೆ ತಿರುಗಿಸಲು ಅಂಕಿಯೇ ಉಳಿಯದಾಗ, "ಈ ಸಲ ಬಿಸಿಲು ಜಾಸ್ತಿ" ಎಂದು ಸೂರ್ಯನ ಮೇಲೆ ಗೂಬೆ ಕೂರಿಸಿದ.

"ಬಿಸಿಲಲ್ಲ ಕಣೋ, ಗ್ಯಾಸ್ ಹೋಗಿದೆ. ಹೋಗಿ ತೋರಿಸು," ಎಂದಳು ಅಕ್ಕ.

"ನಾಳೆ ಮಾಡಿಸ್ತೀನಿ."

ಈ ಮಾತು ಅವನ ಬಾಯಲ್ಲಿ ಎಷ್ಟು ಸವೆದಿತ್ತೆಂದರೆ, ಬೀದಿಯವರೆಲ್ಲ ಅವನಿಗೆ ನಾಳೆರಾಯ ಎಂದೇ ಹೆಸರಿಟ್ಟಿದ್ದರು.

ಅಕ್ಕ ಮೇಣದಬತ್ತಿ ಮಾಡಿ ಮಾರುವವಳು. ಈಗ ಅವಳ ಬಾಳಿನ ಮೊದಲ ದೊಡ್ಡ ಕೆಲಸ ಬಂದಿತ್ತು: ನಿವೃತ್ತರಾಗುತ್ತಿದ್ದ ಹೆಡ್‌ಮೇಡಂ ಅವರ ಮೇಣದ ತಲೆ. ಮೇಡಂ ನಕ್ಕದ್ದನ್ನು ಶಾಲೆಯಲ್ಲಿ ಕಂಡವರಿಲ್ಲ. ಅವರೆದುರು ಗೋಡೆಗಡಿಯಾರ ಕೂಡ ಪಿಸುಗುಟ್ಟಿಯೇ ನಡೆಯುತ್ತಿತ್ತಂತೆ. ಆ ಗಂಟುಮುಖವನ್ನು ಮೂಡಿಸಲು ಅಕ್ಕ ವಾರಗಟ್ಟಲೆ ಒದ್ದಾಡಿದ್ದಳು. ಇದೊಂದು ಮೆಚ್ಚುಗೆಯಾದರೆ ಬತ್ತಿ ಬಿಟ್ಟು ಮುಖಗಳನ್ನೇ ಮಾಡಿಕೊಂಡಿರಬಹುದು ಎಂಬುದು ಅವಳ ಕನಸು.

ಬೀಳ್ಕೊಡುಗೆಯ ದಿನ ಅವಳು ಅನುಮಾನದಿಂದ ಕೇಳಿದಳು, "ನಿನ್ನ ಕಾರಲ್ಲಿ ಇದು ಕರಗಲ್ಲ ತಾನೆ?"

"ಮೇಣ ಹಾಗಿರ್ಲಿ, ಬೆಣ್ಣೆ ಇಟ್ರೂ ಕರಗಲ್ಲ. ಹತ್ತಕ್ಕಾ!"

ಅಕ್ಕ ಮೇಣದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಶಾಲೆಯ ವೇದಿಕೆಗೆ ಪರದೆ ಹೊಲಿದಿದ್ದ ಎದುರುಮನೆಯ ಟೈಲರ್ ಮಾಮ, ಕರೆಯದಿದ್ದರೂ ಮುಂದೆ ಕೂತ. ಮಡಿಸಿದ ಪರದೆ ಅವನ ಹೊಟ್ಟೆಯ ಮೇಲೆ ಎರಡನೇ ಹೊಟ್ಟೆಯಂತೆ ಕುಳಿತಿತ್ತು.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಎ.ಸಿ. ಕಿಂಡಿಗಳಿಂದ ಬರುತ್ತಿದ್ದ ಗಾಳಿ ಎಮ್ಮೆಯ ಉಸಿರಿನಂತಿತ್ತು.

"ಕಿಟಕಿ ಇಳಿಸೋ!" ಎಂದಳು ಅಕ್ಕ.

"ಬೇಡಕ್ಕಾ, ಧೂಳು ಮೇಣಕ್ಕೆ ಅಂಟತ್ತೆ. ಈಗ ತಂಪಾಗತ್ತೆ ನೋಡು, ಈಗ..."

"ತಂಪಾ? ನನ್ನ ಇಸ್ತ್ರಿಪೆಟ್ಟಿಗೆ ಇದಕ್ಕಿಂತ ವಾಸಿ," ಎಂದು ಟೈಲರ್ ಮಾಮ ಹಿಂತಿರುಗಿ ನೋಡಿದ. "ಅಯ್ಯೋ, ಮೇಡಂ ಮೂಗು ಹೊರಟೇಬಿಡ್ತಲ್ಲಮ್ಮ! ತುಟಿ ಹತ್ರ ದಾರಿ ಕೇಳ್ತಾ ನಿಂತಿದೆ!"

ಅಕ್ಕ ಬಗ್ಗಿ ನೋಡಿದಳು. ಮೂಗು ಜೋತಿತ್ತು, ಕೆನ್ನೆ ಇಳಿದಿತ್ತು.

"ಗಾಬರಿ ಬೇಡ," ಎಂದ ಮಾಮ. "ಬಟ್ಟೆ ಒಂದು ಕಡೆ ಜೋತ್ರೆ ನಾನು ತಿರುಗಿಸಿ ನೇತುಹಾಕ್ತೀನಿ. ತಲೆಕೆಳಗು ಹಿಡಿ, ಇಳಿದಿದ್ದು ತಾನಾಗೇ ಏರತ್ತೆ."

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಅಕ್ಕ ಮೇಡಂ ಅವರನ್ನು ತಲೆಕೆಳಗು ಮಾಡಿ ಹಿಡಿದಳು. ಗೂಡ್ಸ್ ರೈಲು ತನ್ನ ಡಬ್ಬಿಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಡುತ್ತಾ ಸಾಗಿತು.

ಶಾಲೆ ತಲುಪುತ್ತಲೇ ಮೇಷ್ಟರೊಬ್ಬರು ಓಡಿಬಂದರು. "ಎಷ್ಟು ಹೊತ್ತು! ಎಲ್ಲಾ ಕಾಯ್ತಿದಾರೆ!" ಅಕ್ಕ ಬಾಯಿ ತೆರೆಯುವ ಮೊದಲೇ ಅವರು ತಲೆಯ ಮೇಲೆ ಬಟ್ಟೆ ಹೊದಿಸಿ, ಎತ್ತಿಕೊಂಡು ವೇದಿಕೆಯತ್ತ ನಡೆದೇಬಿಟ್ಟರು. ಅಕ್ಕ ತಮ್ಮನನ್ನು ನೋಡಿದಳು. ಬೈಯಲಿಲ್ಲ. ಕಣ್ಣು ತುಂಬಿತ್ತು, ಅಷ್ಟೆ.

ನಾಳೆರಾಯನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುರುಕ್ಕೆಂದಿತು. ಎದುರಿಗೇ ಒಂದು ಎ.ಸಿ. ಗ್ಯಾರೇಜಿತ್ತು. ಕಾರನ್ನು ನೇರ ಅಲ್ಲಿಗೇ ನುಗ್ಗಿಸಿದ.

"ನಾಳೆ ಬನ್ನಿ," ಎಂದ ಮೆಕ್ಯಾನಿಕ್.

"ಆ ಮಾತು ಮಾತ್ರ ಆಡಬೇಡಿ!" ಎಂದು ನಾಳೆರಾಯ ಕೈಮುಗಿದ.

ಮೆಕ್ಯಾನಿಕ್ ನಗುತ್ತಾ ಕೊಳವೆಗೆಲ್ಲ ಸೋಪಿನ ನೊರೆ ಬಳಿದ. ಒಂದು ಕೀಲಿನಲ್ಲಿ ಪುಟ್ಟ ಗುಳ್ಳೆ ಉಬ್ಬಿತು. ಚಳಿರಾಯನ ಕಳ್ಳದಾರಿ! ಅಲ್ಲಿ ಸವೆದಿದ್ದ ರಬ್ಬರ್ ಉಂಗುರ ಬದಲಿಸಿ, ಹೊಸ ಗ್ಯಾಸು ತುಂಬಲು ಕೂತ.

ಅತ್ತ ವೇದಿಕೆಯಲ್ಲಿ ಬಟ್ಟೆ ಸರಿಯಿತು. ಅಕ್ಕ ಬೆರಳ ಸಂದಿಯಿಂದ ನೋಡಿದಳು. ತಲೆಕೆಳಗಾದ ಮೇಣ ಹರಿದು ತುಟಿಯ ಕೊನೆಗಳು ಕಿವಿಯತ್ತ ಏರಿದ್ದವು, ಕೆನ್ನೆ ಉಬ್ಬಿತ್ತು, ಮೂಗಿನ ತುದಿ ತುಂಟ ಹುಡುಗಿಯದರಂತೆ ಮೇಲೆದ್ದಿತ್ತು. ಮೇಣದ ಮೇಡಂ ಬಾಯ್ತುಂಬ ನಗುತ್ತಿದ್ದರು!

ನಿಜವಾದ ಮೇಡಂ ಹತ್ತಿರ ಬಂದು, ಕನ್ನಡಕ ಏರಿಸಿ ದಿಟ್ಟಿಸಿದರು.

"ಇದು... ನಾನಾ?"

ಮೊದಲು ಅವರ ತುಟಿಯ ಒಂದು ಕೊನೆ ಏರಿತು. ಆಮೇಲೆ ಇನ್ನೊಂದು. ಥೇಟ್ ಅದೇ ನಗು! ಚಪ್ಪಾಳೆಗೆ ಟೈಲರ್ ಮಾಮ ಅವಸರದಲ್ಲಿ ಕಟ್ಟಿದ್ದ ಪರದೆ ಕಳಚಿ ಮಾಮನ ಮೇಲೆಯೇ ಬಿತ್ತು.

ಸಂಜೆ ನಾಳೆರಾಯ ಎದೆಯುಬ್ಬಿಸಿಕೊಂಡು ಗೇಟಿನ ಬಳಿ ಕಾರು ತಂದ. ಅಕ್ಕ ಮೇಷ್ಟರುಗಳ ದಂಡು ಕಟ್ಟಿಕೊಂಡು, ಮುಖವರಳಿಸಿ ಬರುತ್ತಿದ್ದಳು.

"ಇವ್ರಿಗೂ ಒಂದೊಂದು ತಲೆ ಬೇಕಂತೆ ಕಣೋ! ಎಲ್ರಿಗೂ ಇದೇ ನಗುವೇ ಬೇಕಂತೆ. ಮುಖ ನಾನು ಮಾಡ್ತೀನಿ, ನಗು ನಮ್ಮ ಕಾರು ಮಾಡತ್ತೆ ಅಂತ ಒಪ್ಕೊಂಡ್ಬಿಟ್ಟೆ!"

ನಾಳೆರಾಯ ಬಾಗಿಲು ತೆರೆದ. ಮಂಜಿನಂಥ ಗಾಳಿ ನುಗ್ಗಿ ಎದುರಿಗಿದ್ದ ಗಣಿತದ ಮೇಷ್ಟರು ಸೀನಿದರು.

"ಅಕ್ಕಾ, ಕೊನೆಗೂ ಮಾಡಿಸ್ದೆ," ಎಂದ, ದನಿ ಇಳಿಸುತ್ತಾ ಇಳಿಸುತ್ತಾ.

ಅಕ್ಕ ಕಿಂಡಿಗೆ ಕೈಯೊಡ್ಡಿದಳು. ಬೆರಳು ಮರಗಟ್ಟಿತು. ಹಣೆ ಚಚ್ಚಿಕೊಂಡಳು.

"ಇಷ್ಟು ದಿನ ನಾಳೆ ನಾಳೆ ಅಂದೆ. ಇವತ್ತೊಂದು ದಿನ 'ನಾಳೆ' ಅನ್ನೋಕೆ ಏನಾಗಿತ್ತೋ ನಿನಗೆ?"

ಕೊಳವೆಯೊಳಗೆ ಹೊಸ ಚಳಿರಾಯ ಹಾಯಾಗಿ ಗುಂಯ್‌ಗುಟ್ಟಿದ.