ಅನ್ಯಗ್ರಹವಾಸಿಯ ಕರಡು ತಿದ್ದಿದ್ದು

ದಣಿದವನ ಮನೆ ಹುಡುಕಿಕೊಂಡೇ ಇಂಥ ಪೀಕಲಾಟಗಳು ಬರುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಆಗ ಒಂದು ಬಾಹ್ಯಾಕಾಶದ ಧಾರಾವಾಹಿ ಶುರುವಾಯಿತು. ನಾಯಕ ಬೇರೆ ಗ್ರಹದಿಂದ ಬಂದವನು. ಲೇಖಕರು ಅವನಿಗೊಂದು ಹೆಸರಿಡದೆ, ಪುಟಕ್ಕೆ ಹತ್ತು ಸಲ 'ಅನ್ಯಗ್ರಹವಾಸಿ' ಅಂತಲೇ ಬರೆಯುತ್ತಿದ್ದರು.

ಬಾಡಿಗೆ ಮನೆ

ಅಚ್ಚುಮೊಳೆ ಜೋಡಿಸುವವರ ಕೈಗೆ ಆ ಪದ ಒಗ್ಗಲಿಲ್ಲ. ಗ್ರಹ ಹೋಗಿ ಗೃಹವಾಯಿತು. ಹತ್ತೂ ಕಡೆ ತಿದ್ದಿ ಕಳಿಸಿದೆ. ಹತ್ತೂ ಹಾಗೇ ವಾಪಸ್ ಬಂದವು. ಮೊಳೆ ಜೋಡಿಸುವವರ ಹತ್ತಿರ ನಾನೇ ಹೋಗಿ ಕೇಳಿದೆ.

"ಏನಣ್ಣ ಇದು? ಅನ್ಯಗೃಹವಾಸಿ ಅಂದ್ರೆ ಬೇರೆಯವ್ರ ಮನೇಲಿ ಇರೋನು ಅಂತಾಗತ್ತೆ!"

"ಇರ್ಲಿ ಬಿಡಿ ಸಾರ್," ಅಂದರು ಅವರು. "ಇಪ್ಪತ್ತು ವರ್ಷದಿಂದ ನಾನೂ ಹಂಗೇ ಇದೀನಿ. ನನ್ ಬಗ್ಗೆ ಯಾರೂ ಕತೆ ಬರೀಲಿಲ್ಲ."

ಶನಿ

ಮಾರೇನಹಳ್ಳಿಯಿಂದ ಒಬ್ಬ ಅಜ್ಜಿ ಬಸ್ಸು ಹತ್ತಿ ಕಚೇರಿಗೇ ಬಂದರು. ಸಂಪಾದಕರು ಅವರನ್ನು ನನ್ನ ಮೇಜಿಗೆ ದಾಟಿಸಿ ಕಾಫಿಗೆ ಹೋದರು.

"ನಿಮ್ ಕತೇನ ಸೊಸೆ ಓದಿ ಹೇಳ್ತಾಳೆ. ಅವನು ಯಾವ ಗ್ರಹದೋನಪ್ಪಾ?"

"ಶನಿ, ಅಜ್ಜಿ."

"ಎಷ್ಟು ವಾರ ಬರತ್ತೆ?"

"ಹದಿನೈದು."

ಅಜ್ಜಿ ನನ್ನನ್ನು ಮರುಕದಿಂದ ನೋಡಿದರು. "ಶನಿ ಅಂದ್ಮೇಲೆ ಏಳೂವರೆ ವರ್ಷ ಕಣಪ್ಪಾ. ಸುಮ್ನೆ ಬೇರೆ ಕೆಲಸ ನೋಡ್ಕೋ."

ಹೆಣ್ಣು ನೋಡಿದ್ದು

ಆ ಭಾನುವಾರ ಕೆಂಗೇರಿಯಲ್ಲಿ ಹೆಣ್ಣು ನೋಡಲು ಹೋದೆವು. ನನಗಿದು ಆರನೆಯದು. ಐದು ಮನೆಯವರು 'ಹೇಳಿ ಕಳಿಸ್ತೀವಿ' ಅಂದವರು ಹೇಳಿ ಕಳಿಸಿರಲಿಲ್ಲ. "ಈ ಸಲವಾದ್ರೂ ಸ್ವಲ್ಪ ನಗ್ತಾ ಕೂತ್ಕೊಳೋ" ಅಂತ ಅಮ್ಮ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು.

ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಅವಳಪ್ಪ ನನ್ನ ಕೆಲಸ ಕೇಳಿದರು. ಪತ್ರಿಕೆಯ ಹೆಸರು ಹೇಳಿದ್ದೇ ತಡ, ಹುಡುಗಿ ತಲೆ ಎತ್ತಿದಳು.

"ಆ ಅನ್ಯಗ್ರಹವಾಸಿಗೆ ಮೊದಲನೇ ವಾರ ಮೂರು ಕಣ್ಣಿತ್ತು. ಹೋದ ವಾರ ಎರಡೇ. ತಿದ್ದೋರು ನಿದ್ದೆ ಮಾಡ್ತಿದ್ರಾ?"

ಅವಳಪ್ಪ ಕೆಮ್ಮಿದರು. ಅಮ್ಮ ನನ್ನ ತೊಡೆ ಚಿವುಟಿದಳು. ವಾರವಿಡೀ ಕಂಡಕಂಡವರಿಗೆ ಸಮಜಾಯಿಷಿ ಕೊಟ್ಟು ಸೋತಿದ್ದೆ. ತಪ್ಪನ್ನು ಲೇಖಕರ ಮೇಲೆ ಹೊರಿಸುವಷ್ಟೂ ತ್ರಾಣ ಇರಲಿಲ್ಲ.

"ಹೌದ್ರೀ, ನಂದೇ ತಪ್ಪು," ಅಂದೆ.

ವಾಪಸ್ ಬರುವಾಗ ಅಮ್ಮ ಬಸ್ಸಿನಲ್ಲಿ ನನ್ನ ಪಕ್ಕ ಕೂಡ ಕೂರಲಿಲ್ಲ. ಏಳನೆಯ ಹೆಣ್ಣು ಎಲ್ಲಿರುತ್ತದೋ ಎಂದು ನನಗೆ ಆಗಲೇ ಸುಸ್ತಾಗಿತ್ತು.

ಮೂರನೇ ದಿನ ಹುಡುಗಿಯ ಅಪ್ಪ ಕಚೇರಿಗೆ ಬಂದರು. "ನಮ್ಮುಡುಗಿ ಒಪ್ಪಿದಾಳೆ."

ನನಗೆ ನಂಬಿಕೆಯೇ ಬರಲಿಲ್ಲ. "ಯಾಕಂತೆ ಸಾರ್?"

ಅವರು ತಮ್ಮ ಮೂವತ್ತು ವರ್ಷದ ಸಂಸಾರವನ್ನೆಲ್ಲ ಸೇರಿಸಿ ಒಂದು ನಿಟ್ಟುಸಿರು ಬಿಟ್ಟರು.

"ಕೇಳಿದ ತಕ್ಷಣ ತಪ್ಪೊಪ್ಕೊಳೋ ಗಂಡಸು ಈ ಲೋಕದೋನಲ್ಲವಂತೆ. ಇಂಥೋನು ಮತ್ತೆ ಸಿಗಲ್ಲ ಅಂದ್ಲು."